ಪುಟ್ಟಿಯ ಸೈಕಲ್ಲಿನ ಬೀಗ

ಅಕ್ಕನಿಗೆ ತಮ್ಮನ ನಮಸ್ಕಾರ.

ನಿನ್ನ ಕಾಗದ ಸಿಕ್ಕಿತು. ಬಸ್ಸು ಪುಟ್ಟಿಯನ್ನು ಸವರಿಕೊಂಡು ಹೋದಂದಿನಿಂದ ಮಗಳ ಸೈಕಲ್ಲಿಗೆ ಬೀಗ ಹಾಕಿಟ್ಟಿದ್ದೀಯ. ಈಗ ಅಲ್ಲೂ ಸೈಕಲ್ಲಿಗೆಂದೇ ಬೇರೆ ದಾರಿ ಮಾಡುತ್ತಿದ್ದಾರೆ, ಬೀಗ ತೆಗೆಯಲೇ ಎಂದು ಕೇಳಿದ್ದೀಯ.

ಇಲ್ಲಿ ಊರಿಡೀ ಅಂಥ ದಾರಿ, ಗಾಡಿಗಳು ಒಳನುಗ್ಗದಂತೆ ಪಕ್ಕಕ್ಕೆ ಮಂಡಿಯೆತ್ತರದ ಕಟ್ಟೆ. ನಾನು ಕೆಲಸಕ್ಕಿರುವ ರಿಪೇರಿ ಅಂಗಡಿಯ ಗೋಡೆಗೆ ಯಜಮಾನರು ಸೊಟ್ಟಗಾದ ಚಕ್ರಗಳನ್ನು ನೇತುಹಾಕುತ್ತಾರೆ. ಭಾವನ ಅಂಗಡಿಗೆ ಬರುತ್ತಿದ್ದವು ಹೆಚ್ಚಾಗಿ ಹಿಂದಿನ ಚಕ್ರಗಳು, ಬಸ್ಸೋ ಲಾರಿಯೋ ಬೆನ್ನಿಗೆ ಗುದ್ದಿದವು. ಇಲ್ಲಿ ಮೂರು ತಿಂಗಳಾದರೂ ಅಂಥದ್ದು ಒಂದೂ ಬಂದಿಲ್ಲ. ಗೋಡೆಯ ಮೇಲಿದ್ದ ಆರೂ ಮುಂದಿನ ಚಕ್ರಗಳೇ.

"ಎಲ್ಲಾ ಅಡ್ಡರಸ್ತೆ ಹತ್ರ ಆಗಿದ್ದು ನೋಡಪ್ಪ," ಎಂದರು ಯಜಮಾನರು. "ಅಲ್ಲಿ ಕಟ್ಟೆ ಇರಲ್ಲ. ದಾರಿ ನಮ್ದೇ ಅಂತ ಈ ಸೈಕಲ್ನೋರು ನುಗ್ತಾರೆ, ತಿರುಗೋ ಗಾಡಿಯವನು ಇವ್ರನ್ನ ನೋಡೇ ಇರಲ್ಲ."

ಇಪ್ಪತ್ತು ವರ್ಷ ಲಾರಿಗಳ ನಡುವೆ ಸೈಕಲ್ ಹೊಡೆದವನಿಗೆ ಇದೇನು ಪಾಠ ಎಂದು ನಾನು ನಕ್ಕುಬಿಟ್ಟೆ.

ಬೀಗ ತೆಗೆ ಅಕ್ಕ, ಧೈರ್ಯವಾಗಿ ತೆಗೆ. ಅಡ್ಡರಸ್ತೆ ಬಂದಲ್ಲೆಲ್ಲ ಒಂದು ಕಾಲು ನೆಲಕ್ಕೂರಿ, ಗಾಡಿಯವನು ತನ್ನನ್ನು ನೋಡಿದನೆಂದು ಖಾತ್ರಿಯಾದ ಮೇಲೆಯೇ ಹೊರಡಬೇಕೆಂದು ಪುಟ್ಟಿಗೆ ಹೇಳು. ನನಗೆ ಊಟ ನಿದ್ದೆಗೆ ತೊಂದರೆಯಿಲ್ಲ. ಮಂಡಿ ತರಚಿದೆ, ಅಷ್ಟೇ. ಅಮ್ಮನ ಕೈಗೆ ಈ ಕಾರ್ಡು ಸಿಗದಂತೆ ನೋಡಿಕೋ.

ಜಾಗ ಮುಗಿಯಿತು. ನಿನ್ನೆಯಿಂದ ಗೋಡೆಯ ಮೇಲೆ ಏಳು ಚಕ್ರಗಳಿವೆ. ಏಳನೆಯದು ನನ್ನದು.

ನಿನ್ನ ತಮ್ಮ