ಎಂಬತ್ತೆಂಟು ಬಂದದ್ದು ಯಾರಿಗೆ?

ಮನೆಯಿಂದ,
ಜುಲೈ 14, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕುರ್ಚಿಗೆ ಅಂಟಿಕೊಂಡು ಕೂರಬೇಡ, ಎದ್ದು ನಾಲ್ಕು ಹೆಜ್ಜೆ ಓಡಾಡು. ಶಿಕ್ಷಣ ಕಚೇರಿಗೆ ನೀನು ಸಾಹೇಬನಾದರೂ ನನಗೆ ಮೂಗು ಸೋರಿಸಿಕೊಂಡು ಸೊಂಟದ ಮೇಲೆ ಕೂತಿದ್ದವನೇ. ನಾವು ಚೆನ್ನಾಗಿದ್ದೇವೆ ಎಂದು ಬರೆಯೋಣವೆಂದರೆ ಮೈಯೆಲ್ಲ ಉರಿಯುತ್ತಿದೆ ಕಣೋ.

ನನ್ನ ಮಗಳು ಪುಟ್ಟಿಗೆ ಎಂಬತ್ತೆಂಟು ಅಂಕ ಬಂತೆಂದು ಇಡೀ ಬೀದಿಗೆ ಸಾರಿಕೊಂಡು ಬಂದೆನಲ್ಲ, ಈಗ ಮುಖ ಎಲ್ಲಿಡಲಿ? ಮೊನ್ನೆ ಇಸ್ತ್ರಿ ಮಾಡಿದ ಬಟ್ಟೆಗೆ ಹೆಸರಿನ ಚೀಟಿ ಸಿಕ್ಕಿಸಿ ಕಳಿಸಿದರೆ, ವಕೀಲರ ಕರಿ ಕೋಟನ್ನು ಕಂಡಕ್ಟರ್ ಮನೆಗೆ ಕೊಟ್ಟು ಬಂದಳು. ಚೀಟಿ ಓದೇ ಎಂದರೆ ಒಂದೊಂದೇ ಅಕ್ಷರಕ್ಕೆ ತಡವರಿಸಿದಳು. ನಾಲ್ಕನೇ ಕ್ಲಾಸು ತಮ್ಮಾ, ಎರಡಕ್ಷರ ಕೂಡಿಸಿ ಓದಲು ಬರುವುದಿಲ್ಲ! ಗದರಿಸಿದ ಮೇಲೆ ಬಾಯಿಬಿಟ್ಟಳು. ಪರೀಕ್ಷೆಯ ದಿನ ಓದಲು ಬಾರದ ಒಂಬತ್ತು ಮಕ್ಕಳನ್ನು ಹೆಡ್‌ಮಾಸ್ಟರು ಹೊರಗೆ ಕೆಲಸಕ್ಕೆ ಹಚ್ಚಿ, ಅವರ ಹೆಸರಿನಲ್ಲಿ ಏಳನೇ ಕ್ಲಾಸಿನವರನ್ನು ಕೂರಿಸಿ ಬರೆಸಿದರಂತೆ.

ಇಸ್ತ್ರಿಪೆಟ್ಟಿಗೆ ಅಲ್ಲೇ ಬಿಟ್ಟು ಸ್ಕೂಲಿಗೆ ಓಡಿದೆ. ಆ ಮನುಷ್ಯ ಕೂಗಾಡಲೂ ಇಲ್ಲ, ಅದೇ ಇನ್ನಷ್ಟು ಸಿಟ್ಟು ತರಿಸಿತು. "ಏನ್ಮಾಡ್ಲಮ್ಮ? ಏಳು ಕ್ಲಾಸಿಗೆ ಇಬ್ರೇ ಮೇಷ್ಟ್ರು. ಈ ಸಲಾನೂ ರಿಸಲ್ಟ್ ಬಿದ್ರೆ ಸ್ಕೂಲೇ ಮುಚ್ತಾರೆ" ಎಂದರು. ಸುಳ್ಳಲ್ಲ, ಸೋರುವ ಸೂರು, ಕಾಲು ಮುರಿದ ಬೆಂಚು ನಾನೂ ಕಂಡಿದ್ದೇನೆ. ಹಾಗಂತ? ಓದು ಕಲಿಸಲೆಂದೇ ಹೊಸ ಟೀಚರ್ ಬಂದಿದ್ದಾರೆ, ಮೂವತ್ತೈದಕ್ಕಿಂತ ಕಡಿಮೆ ಬಂದವರಿಗೆ ಮಾತ್ರವಂತೆ. ನಮ್ಮವಳನ್ನು "ಜಾಣೆ ನೀನು, ನಿನಗ್ಯಾಕೆ?" ಎಂದು ಬಾಗಿಲಿಂದಲೇ ವಾಪಸ್ ಕಳಿಸಿದರು. ಹಸಿದವಳ ಬಾಯಿಗೆ ಬೀಗ ಹಾಕಿ, ಊಟ ಆಯಿತು ಅಂದ ಹಾಗೆ! ಆ ಟೀಚರ್ ಇರುವುದು ಇದೊಂದೇ ವರ್ಷ.

ಕಚೇರಿಯಲ್ಲಿ ಹೇಳಿ ಅವಳನ್ನು ಆ ಕ್ಲಾಸಿಗೆ ಸೇರಿಸಪ್ಪ. ನಿನ್ನ ಹೆಂಡತಿ ಮಕ್ಕಳಿಗೆ ನನ್ನ ಆಶೀರ್ವಾದ. ನೂರು ಕಾಲ ಬಾಳು.

ಇಂತಿ,
ನಿನ್ನ ಅಕ್ಕ

ಮತ್ತೆ: ಕವರು ಅಂಟಿಸುವಾಗ ಪುಟ್ಟಿ ಹೇಳಿದಳು, "ಮಾವಂಗೆ ಬೈಬೇಡಮ್ಮಾ, ಪರೀಕ್ಷೆ ದಿನ ಸ್ಕೂಲಿಗೆ ಬಂದಾಗ ನನ್ನ ಚೆನ್ನಾಗಿ ಮಾತಾಡಿಸಿದ್ರು." ಪರೀಕ್ಷೆಯ ತಪಾಸಣೆಗೆ ಬಂದವನು ನೀನಾ? ಅಕ್ಕನ ಮನೆಗೂ ಬಾರದೆ ಹೋದದ್ದು ಇದಕ್ಕೇನಾ? ಒಳಗೆ ಅವಳ ಹೆಸರಿನಲ್ಲಿ ಯಾರೋ ಬರೆಯುತ್ತಿದ್ದರೆ, ಹೊರಗೆ ನಿನಗೆ ಟೀ ತಂದುಕೊಟ್ಟವಳು ಅವಳೇ. ಕೆನ್ನೆ ಹಿಂಡಿ, ಕುಡಿದ ಲೋಟ ಅವಳ ಕೈಗೇ ಕೊಟ್ಟೆಯಂತೆ. ನಿನ್ನ ಶಿಫಾರಸು ಬೇಡ. ಎಂಬತ್ತೆಂಟನ್ನು ಹೊಡೆದುಹಾಕಿ, ನನ್ನ ಮಗಳನ್ನು ಫೇಲ್ ಮಾಡಿ ಎಂದು ನಿನ್ನ ಮೇಲಿನವರಿಗೆ ಅರ್ಜಿ ಬರೆಯುತ್ತಿದ್ದೇನೆ. ಅವಳು ಪರೀಕ್ಷೆಗೆ ಕೂತಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ ಕೇಳುತ್ತಾರೆ. ನಿನ್ನ ಹೆಸರು ಹಾಕಿದ್ದೇನೆ.