ಎಳನೀರನ್ನು ಯಾಕೆ ತಳ್ಳಿದಿರಿ, ಮೇಷ್ಟ್ರೇ?

ಪೂಜ್ಯ ಮೇಷ್ಟ್ರಿಗೆ,

ನಿಮ್ಮ ಹಾರನಹಳ್ಳಿ ಮಾಡುವ ನಮಸ್ಕಾರ. ಹೆಸರು ಬರೆದರೆ ನಿಮಗೆ ಗುರುತು ಸಿಕ್ಕೀತೋ ಇಲ್ಲವೋ. ಡಿಪ್ಲೊಮಾದಲ್ಲಿ ನಿಮ್ಮ ಶಿಷ್ಯೆಯಾಗಿದ್ದಾಗಲೂ, ಮುಂದೆ ಓದಿ ಬಂದು ಅದೇ ಅರಸೀಕೆರೆ ಕಾಲೇಜಿನಲ್ಲಿ ಪಶುವಿಜ್ಞಾನದ ಪಾಠ ಮಾಡುತ್ತ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತಾಗಲೂ ನೀವು ನನ್ನನ್ನು ಕರೆದದ್ದು ಊರಿನ ಹೆಸರಿನಿಂದಲೇ. ಎಲ್ಲರನ್ನೂ ಹಾಗೆಯೇ. "ಬಾರಮ್ಮ ಹಾರನಹಳ್ಳಿ." "ಏನ್ಲಾ ಗಂಡಸಿ, ಹಸು ಈ ಕಡೆ ಐತೆ, ನೀನ್ಯಾವ ಕಡೆ ನೋಡ್ತಿದ್ದೀಯ?"

ನಾಳೆ ಬೆಳಿಗ್ಗೆ ನಾನು ಬೇಲೂರಿಗೆ ಹೋಗಬೇಕು. ನಿಮ್ಮ ಮಗಳ ಮನೆಯಲ್ಲಿರುವ ಅಮ್ಮನವರ ಎದುರು ಕೂತು ಒಂದು ಮಾತು ಹೇಳಬೇಕು. ನೀವು ಹೋದದ್ದು ಮೆದುಳು ಜ್ವರದಿಂದ ಅಲ್ಲದಿರಬಹುದು, ಹುಚ್ಚುನಾಯಿ ಕಾಯಿಲೆಯಿಂದ ಇರಬಹುದು, ನಿಮ್ಮ ಬಾಯಿ ಒರೆಸಿದ ಅವರೂ ತಡಮಾಡದೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು ಎಂದು. ಈ ಮಾತನ್ನು ಹೇಗೆ ಶುರು ಮಾಡಲಿ? ಕಾಫಿ ಕುಡಿಯುವ ಮೊದಲು ಹೇಳುವುದೋ, ಕುಡಿದ ಮೇಲೋ? ಹೆದರಿಕೆಯಾಗುತ್ತಿದೆ ಮೇಷ್ಟ್ರೇ. ಅವರಿಗಾಗಿ, ನನಗಾಗಿ, ನನ್ನ ಜೊತೆ ಬರುತ್ತೇನೆಂದು ಹಟ ಹಿಡಿದಿರುವ ನಮ್ಮ ತಂಡದ ಹುಡುಗಿ ನಯನಾಳಿಗಾಗಿ.

ರಾಸುಗಳ ಗುಣ ಅಳೆಯುವ ಕಾಲೇಜು ಸ್ಪರ್ಧೆಗೆಂದು ನೀವು ಮೊದಲ ಸಲ ನಮ್ಮನ್ನು ಹಸುಗಳ ಮುಂದೆ ನಿಲ್ಲಿಸಿದ ದಿನ ಚೆನ್ನಾಗಿ ನೆನಪಿದೆ. ನಾಲ್ಕು ಹಸು ಸಾಲಾಗಿ ಕಟ್ಟಿದ್ದಿರಿ. ಸುತ್ತ ತಿರುಗಿ ನೋಡಿ, ಯಾವುದು ಮೊದಲು, ಯಾವುದು ಕೊನೆ ಎಂದು ತೀರ್ಮಾನಿಸಿ, ಆಮೇಲೆ ತೀರ್ಪುಗಾರರ ಎದುರು ನಿಂತು ಬಾಯಿಬಿಟ್ಟು ಕಾರಣ ಹೇಳಬೇಕು. ನಾನು "ಒಂದನೇದು ಚೆನ್ನಾಗಿದೆ ಸಾರ್" ಎಂದೆ. "ಗಂಡು ನೋಡೋಕೆ ಬಂದಿದ್ದೀಯೇನಮ್ಮ, ಚೆನ್ನಾಗಿದೆ ಅನ್ನೋಕೆ? ಬೆನ್ನು ಹೇಗಿದೆ, ಕೆಚ್ಚಲು ಹೇಗಿದೆ, ಕಾಲು ಹೇಗೆ ಊರ್ತದೆ, ಹೇಳು" ಎಂದಿರಿ. ಆಮೇಲೆ ನಿಮ್ಮ ದೊಡ್ಡ ನಿಯಮ ಬಂತು, "ಕೈ ಮುಟ್ಟದೆ ನಂಬರ್ ಕೊಡಬೇಡ." ಹಲ್ಲು ಎಣಿಸದೆ ವಯಸ್ಸು ಹೇಳಿದವರನ್ನು ನೀವು ಸ್ಪರ್ಧೆಗೆ ಕರೆದುಕೊಂಡು ಹೋಗುತ್ತಲೇ ಇರಲಿಲ್ಲ. ನಮ್ಮ ತಂಡದ ಕೈಗಳಿಗೆ ಸದಾ ದನದ ಬಾಯಿಯ ವಾಸನೆ. ಅದು ನಮಗೆ ಹೆಮ್ಮೆಯೂ ಆಗಿತ್ತು.

ಗಂಡಸಿಯ ಹತ್ತಿರದ ರಂಗಣ್ಣನ ತೋಟಕ್ಕೆ ಈ ಸಲ ಅಭ್ಯಾಸಕ್ಕೆ ಹೋಗಿದ್ದೆವು. ನೀವು ಹೋದ ಮೇಲೆ ತಂಡ ನನ್ನ ತಲೆಗೆ ಬಿದ್ದಿದೆಯಲ್ಲ. ತೆಂಗಿನ ಮರದ ನೆರಳಲ್ಲಿ ನಾಲ್ಕು ಹಸು. ಮೂರನೆಯದರ ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಇಳಿಯುತ್ತಿತ್ತು. ಒಂದೊಂದು ಸಲ ಕೂಗುತ್ತಿತ್ತು. ಆ ಕೂಗು ಗಂಟಲು ಹರಿದಂತೆ, ಒಡೆದ ಕಹಳೆಯಂತೆ. "ಏನಾಗೈತೆ ರಂಗಣ್ಣ?" ಎಂದು ಕೇಳಿದೆ. "ಕೊಬ್ರಿ ಚೂರು ಸಿಕ್ಕಾಕ್ಕೊಂಡೈತೆ ಕಣಮ್ಮ. ನೆನ್ನೆಯಿಂದ ಮೇವು ಮುಟ್ಟಿಲ್ಲ. ನಿಮ್ ಮೇಷ್ಟ್ರಿದ್ದಿದ್ರೆ ಕೈ ಹಾಕಿ ತೆಗೆದ್ಬಿಡೋರು" ಎಂದ. ತೆಂಗಿನ ಸೀಮೆಯಲ್ಲಿ ದನ ಜೊಲ್ಲು ಸುರಿಸಿದರೆ ಇನ್ನೇನು ಹೊಳೆಯುತ್ತದೆ ಹೇಳಿ?

ಬಸ್ತಿಹಳ್ಳಿಯ ನಯನಾ ಅವತ್ತು ಕಾರಣ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಈ ವರ್ಷದ ತಂಡದಲ್ಲಿ ಅವಳ ಕಣ್ಣು ಎಲ್ಲರಿಗಿಂತ ಚುರುಕು. ನೆಟ್ಟಗೆ ನಿಂತು, "ಮೂರನೇ ಹಸುವನ್ನು ಕೊನೆಯಲ್ಲಿ ಇಟ್ಟಿದ್ದೀನಿ. ನಡೆಯುವಾಗ ಹಿಂಗಾಲು ತೂರಾಡ್ತವೆ, ಸೊಂಟ ಒಂದು ಕಡೆ ವಾಲುತ್ತೆ, ಬಾಲದಲ್ಲಿ ಬಿಗಿ ಇಲ್ಲ" ಎಂದಳು. ನಾನು "ಶಹಬ್ಬಾಸ್, ಇದು ನೋಡು ಗಮನಿಸೋದು ಅಂದ್ರೆ" ಎಂದು ಪೂರ್ತಿ ಅಂಕ ಕೊಟ್ಟೆ. ಕಾಯಿಲೆಯ ಒಂದೊಂದು ಲಕ್ಷಣವನ್ನೂ ಆ ಹುಡುಗಿ ಬಿಡಿಸಿ ಹೇಳಿದಳು, ನಾನು ಅದನ್ನು ಹಸುವಿನ ಮೈಕಟ್ಟಿನ ದೋಷ ಎಂದು ಕೇಳಿಸಿಕೊಂಡೆ. ಅದೇ ಕಾಯಿಲೆಯ ಪಾಠವನ್ನು ಬೋರ್ಡಿನ ಮೇಲೆ ಬರೆದು, ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಬಾರದು ಎಂದು ಗೆರೆ ಎಳೆದು ತೋರಿಸಿದವಳೂ ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಆಮೇಲೆ ನಯನಾ ಹಸುವಿನ ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದಳು. ನಾನು ಮೊಣಕೈವರೆಗೂ ಕೈ ಹಾಕಿ ಗಂಟಲು ತಡಕಿದೆ. ಚೂರೂ ಇಲ್ಲ, ಸಿಪ್ಪೆಯೂ ಇಲ್ಲ. ಅವಳ ಹೆಬ್ಬೆರಳಲ್ಲಿ ಕಾಯಿ ತುರಿಯುವಾಗ ಆದ ಗಾಯವಿತ್ತು. ನನ್ನ ಮಣಿಕಟ್ಟನ್ನು ಹಸುವಿನ ಹಲ್ಲು ತರಚಿತು. ತೊಟ್ಟಿಯ ನೀರಲ್ಲಿ ಕೈ ತೊಳೆದು, ರಂಗಣ್ಣನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು, ನಗುನಗುತ್ತ ಬಸ್ಸು ಹತ್ತಿದೆವು.

ರಂಗಣ್ಣ ಫೋನ್ ಮಾಡಿದಾಗ ನಾನು ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುತ್ತಿದ್ದೆ. "ಅಮ್ಮ, ಹಸ ಹೋಯ್ತು. ಡಾಕ್ಟ್ರು ಬಂದು ತಲೆ ಭಾಗ ಪರೀಕ್ಷೆಗೆ ಕಳ್ಸವ್ರೆ. ಹಿಂದೆ ಒಂದು ನಾಯಿ ತೋಟಕ್ಕೆ ನುಗ್ಗಿತ್ತು ಅಂತ ನನ್ ಹೆಂಡ್ರು ಈಗ ಹೇಳ್ತಾವ್ಳೆ ಕಣಮ್ಮ. ನೀವೂ ಆ ಮಗೂನೂ ಬೇಗ ಆಸ್ಪತ್ರೆಗೆ ಹೋಗ್ರಿ" ಎಂದ. ಡಬ್ಬಿ ಹಾಗೇ ಬಿಟ್ಟು ನಯನಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಅವಳು ದಾರಿಯುದ್ದಕ್ಕೂ ನನ್ನ ಸೊಂಟವನ್ನು ಗಟ್ಟಿಯಾಗಿ ಹಿಡಿದಿದ್ದಳು. ಅವತ್ತೇ ಇಬ್ಬರಿಗೂ ಇಂಜೆಕ್ಷನ್ ಶುರುವಾಯಿತು, ಗಾಯದ ಸುತ್ತಲೂ ಚುಚ್ಚಿದರು. ಕೆಲವು ದಿನಗಳಲ್ಲಿ ಪರೀಕ್ಷೆಯ ಉತ್ತರವೂ ಬಂತು. ಅದೇ.

ಒಂದು ಸಂಜೆ ಬಸ್ತಿಹಳ್ಳಿಗೆ ಹೋಗಿ ನಯನಾಳ ತಾಯಿಗೆ ವಿಷಯ ಹೇಳಿದೆ. ಆಕೆ ಹಳೇಬೀಡಿನ ಶಾಲೆಯಲ್ಲಿ ಟೀಚರ್. ಬುದ್ಧನ ಚಿತ್ರದ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದವರು ಹಾಗೇ ನಿಂತುಬಿಟ್ಟರು. "ನೀವೂ ಹಾಕಿದ್ರಾ ಮೇಡಂ ಕೈ?" ಎಂದು ಕೇಳಿದರು. ಹೌದು ಎಂದೆ. "ಹಾಗಾದ್ರೆ ನಿಮ್ಮನ್ನ ಬೈಯೋಕೂ ಬಾಯಿ ಬರ್ತಿಲ್ಲ. ಆದ್ರೆ ಇನ್ಮೇಲೆ ನನ್ನ ಮಗಳು ದನ ಮುಟ್ಟಲ್ಲ" ಎಂದರು.

ಟೈಮಿಗೆ ಸರಿಯಾಗಿ ಹಾಕಿಸಿಕೊಂಡಿದ್ದೀರಿ, ಭಯ ಬೇಡ ಎಂದು ಡಾಕ್ಟರು ಧೈರ್ಯ ಹೇಳಿದ್ದಾರೆ. ಧೈರ್ಯ ಆಸ್ಪತ್ರೆಯ ಗೇಟಿನವರೆಗೆ ಇರುತ್ತದೆ. ಈ ಕಾಯಿಲೆ ಹತ್ತಿದರೆ ನೀರು ಇಳಿಯುವುದಿಲ್ಲ, ಗಾಳಿ ತಡೆಯುವುದಿಲ್ಲವಲ್ಲ, ಎದ್ದ ಕೂಡಲೇ ನನ್ನ ಮೊದಲ ಕೆಲಸ ಒಂದು ಲೋಟ ನೀರು ಕುಡಿಯುವುದು. ಇಳಿಯಿತಾ? ಗಂಟಲು ಹಿಡಿಯಿತಾ? ಫ್ಯಾನಿನ ಗಾಳಿ ಮುಖಕ್ಕೆ ಬಡಿದರೆ ಬೆಚ್ಚುತ್ತೇನಾ ಎಂದು ಅದರ ಕೆಳಗೆ ಹೋಗಿ ನಿಲ್ಲುತ್ತೇನೆ. ಮಣಿಕಟ್ಟು ಜುಮ್ಮೆಂದರೆ ಜೀವವೇ ಜುಮ್ಮೆನ್ನುತ್ತದೆ. ನಯನಾಳೂ ಇದನ್ನೇ ಮಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಒಂದು ಬೆಳಿಗ್ಗೆ ಅವಳಿಂದ ಮೆಸೇಜ್ ಬಂತು, "ನೀರು ಕುಡಿದೆ ಮೇಡಂ, ನೀವು?" ಎಂದು.

ಆ ಮೆಸೇಜ್ ಓದುತ್ತಿದ್ದಾಗಲೇ ನೀವು ಕಣ್ಣ ಮುಂದೆ ಬಂದಿರಿ. ಹಾಸನದ ಆಸ್ಪತ್ರೆಯ ಮಂಚದ ಮೇಲೆ. ನಾನು ಎಳನೀರು ಕೆತ್ತಿಸಿ ತಂದಿದ್ದೆ. ಲೋಟಕ್ಕೆ ಬಗ್ಗಿಸಿದ ಸದ್ದಿಗೇ ನಿಮ್ಮ ಮೈ ಅದುರಿತು. ಲೋಟ ಹತ್ತಿರ ತಂದರೆ ತಳ್ಳಿದಿರಿ, ನೆಲವೆಲ್ಲ ಎಳನೀರು. "ಹತ್ರ ಬರಬೇಡ, ಹೋಗಾಚೆ" ಎಂದು ಗದರಿದಿರಿ. ಇಷ್ಟು ವರ್ಷದಲ್ಲಿ ನೀವು ನನ್ನನ್ನು ಆ ದನಿಯಲ್ಲಿ ಗದರಿರಲಿಲ್ಲ. ಕಾಯಿಲೆಯಲ್ಲಿ ಮನುಷ್ಯನಿಗೆ ಸಿಟ್ಟು ಬರುವುದು ಸಹಜ ಎಂದುಕೊಂಡು ಕಣ್ಣೊರೆಸಿಕೊಂಡು ಹೊರಗೆ ಬಂದೆ. ಅಮ್ಮನವರು ಸೆರಗಿನಿಂದ ನಿಮ್ಮ ಬಾಯಿ ಒರೆಸುತ್ತಿದ್ದರು. ಮೆದುಳು ಜ್ವರ ಎಂದು ಅವರು ಹೇಳಿದರು, ನಾವೆಲ್ಲ ನಂಬಿದೆವು. ಈಗ ಯೋಚಿಸಿದರೆ... ನಿಮಗೆ ಏನಾಗಿತ್ತು ಮೇಷ್ಟ್ರೇ?

ಪತ್ರ ಇಲ್ಲಿಗೆ ನಿಲ್ಲಿಸಿದ್ದೆ. ಬೇಲೂರಿಗೆ ಹೋಗಿ ಬಂದು ಎರಡು ದಿನವಾದ ಮೇಲೆ ಈಗ ಮುಂದುವರಿಸುತ್ತಿದ್ದೇನೆ.

ಬಸ್ಸು ಜಾವಗಲ್ ದಾಟಿದ ಮೇಲೆ ನನಗೆ ವಾಪಸ್ ಹೋಗಿಬಿಡೋಣ ಅನ್ನಿಸಿತ್ತು. ಹಳೇಬೀಡಿನಲ್ಲಿ ನಯನಾ ಹತ್ತಿದಳು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. "ಬರಿಗೈಯಲ್ಲಿ ಹೋಗಬಾರದಲ್ವಾ ಮೇಡಂ" ಎಂದಳು. ಸಾವಿನ ಸುದ್ದಿ ಹೊತ್ತು ಹೋಗುವವರಿಗೂ ಹಣ್ಣಿನ ಶಿಷ್ಟಾಚಾರ. ನಗು ಬಂತು, ಅದರ ಹಿಂದೆಯೇ ಅಳು ಬಂತು.

ಅಮ್ಮನವರು ಬಾಗಿಲಲ್ಲೇ ನನ್ನ ಮುಖ ನೋಡಿ, "ಏನಮ್ಮ, ಹಿಂಗೆ ಸೊರಗಿದ್ದೀಯ?" ಎಂದರು. ಕಾಫಿ ಬರುವವರೆಗೂ ಕಾಯಲಾಗಲಿಲ್ಲ. ಗಂಡಸಿಯ ಹಸು, ನಮ್ಮ ಕೈ, ಇಂಜೆಕ್ಷನ್, ಎಳನೀರು, ಎಲ್ಲ ಒಂದೇ ಉಸಿರಿಗೆ ಹೇಳಿದೆ. "ಅಮ್ಮ, ನೀವೂ ಆಸ್ಪತ್ರೆಗೆ ಬನ್ನಿ, ಈಗಲೇ ಹೋಗೋಣ" ಎಂದು ಅವರ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ. ನಯನಾಳ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದರು.

"ನಂಗೆ ಗೊತ್ತಿತ್ತು ಕಣಮ್ಮ," ಎಂದರು ಕೊನೆಗೆ. "ಅವರಿಗೂ ಗೊತ್ತಿತ್ತು. ನಿಮ್ಮೂರ ಕಡೆ ಯಾರದೋ ಎಮ್ಮೆಕರದ ಬಾಯಿಗೆ ಕೈ ಹಾಕಿದ್ರಂತೆ, ಕೊಬ್ಬರಿ ಚೂರು ಅಂತ. ಕರ ಸತ್ತೋಯ್ತು. ಹೊಟ್ಟೆ ಉಬ್ಬರ ಅಂದ್ಕೊಂಡು ಹೂತಾಕಿದ್ರು. ನೀರು ಕುಡಿಯೋಕೆ ಆಗದೇ ಇದ್ದಾಗ ಅವರೇ ಹೇಳಿದ್ರು, ಇದು ಅದೇ ಶಾರದಾ, ನೀನೂ ಮಗಳೂ ಹೋಗಿ ಸೂಜಿ ಹಾಕಿಸ್ಕೊಳ್ಳಿ ಅಂತ. ನಾವು ಹಾಕಿಸ್ಕೊಂಡ್ವಿ. ನಿನ್ನನ್ನ ಗದರಿದ್ದೂ ಅದಕ್ಕೇ, ನೀನು ಹತ್ರ ಬರಬಾರದು ಅಂತ."

ಒಂದು ಕ್ಷಣ ಎದೆಯ ಮೇಲಿನ ಕಲ್ಲು ಇಳಿಯಿತು. ಅಮ್ಮನವರು ಕ್ಷೇಮ. ಆಮೇಲೆ ನಾನು ಕೇಳಿದೆ, "ಮತ್ತೆ ನಮಗ್ಯಾಕೆ ಹೇಳಲಿಲ್ಲ ಅಮ್ಮ?"

"ಆಣೆ ಹಾಕಿಸ್ಕೊಂಡಿದ್ರು. ಮಕ್ಕಳಿಗೆ ಹೇಳ್ಬೇಡ, ಹೆದರಿ ದನ ಮುಟ್ಟೋದೇ ಬಿಟ್ಬಿಡ್ತಾವೆ, ಇಷ್ಟು ವರ್ಷ ಕಲಿಸಿದ್ದು ನೀರಲ್ಲಿ ಹೋಮ ಆಗ್ತದೆ ಅಂದ್ರು. ನಾನು ಮೆದುಳು ಜ್ವರ ಅಂದೆ." ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಈ ಮಗೀನ ಬೆರಳು ನೋಡಿದ್ರೆ, ಆಣೆ ಮುರೀಬೇಕಿತ್ತು ಅನ್ಸುತ್ತೆ."

ವಾಪಸ್ ಬರುವ ಬಸ್ಸಿನಲ್ಲಿ ನಯನಾ ಕಿಟಕಿಯ ಪಕ್ಕ ಕೂತಿದ್ದಳು. ಹಳೇಬೀಡು ಹತ್ತಿರವಾದಾಗ ತಿರುಗಿ, "ಸರ್ ಅವತ್ತೇ ಹೇಳಿದ್ರೆ ನಾವು ಕೈ ಹಾಕ್ತಿರಲಿಲ್ಲ ಅಲ್ವಾ ಮೇಡಂ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು. ಅಷ್ಟರಲ್ಲಿ ಅವಳ ಸ್ಟಾಪು ಬಂತು, ಇಳಿದು ಹೋದಳು.

ನಿಮ್ಮ ಮೇಲೆ ಸಿಟ್ಟು ಬಂದಿದೆ ಮೇಷ್ಟ್ರೇ. ಇಷ್ಟು ದಿನ ಬರೀ ಹೆದರಿಕೆಯಿತ್ತು, ಈಗ ಅದರ ಪಕ್ಕದಲ್ಲಿ ಸಿಟ್ಟೂ ಬಂದು ಕೂತಿದೆ. ಸಾಯುವ ಹೊತ್ತಿನಲ್ಲೂ ನನ್ನನ್ನು ದೂರ ತಳ್ಳಿ ಕಾಪಾಡಿದಿರಿ. ಆ ಒಂದು ಮಾತು ಹೇಳಿ ಇವಳನ್ನೂ ಕಾಪಾಡಬಹುದಿತ್ತಲ್ಲ? ನಮ್ಮ ಧೈರ್ಯದ ಮೇಲೆ ನಿಮಗೆ ಅಷ್ಟೂ ನಂಬಿಕೆ ಇರಲಿಲ್ಲವೇ? ನಿಮ್ಮನ್ನು ಬೈಯಬೇಕು ಅನ್ನಿಸುತ್ತದೆ, ಬೈಯಲು ಹೋದರೆ ನೆಲದ ಮೇಲೆ ಚೆಲ್ಲಿದ ಆ ಎಳನೀರು ಕಾಣುತ್ತದೆ, ಆಮೇಲೆ...

ಅಮ್ಮನವರ ಒಪ್ಪಿಗೆ ಪಡೆದು ನಿನ್ನೆ ಮಕ್ಕಳನ್ನೆಲ್ಲ ಕೂರಿಸಿಕೊಂಡು ಹೇಳಿದೆ. ನೀವು ಹೇಗೆ ಹೋದಿರಿ, ನಮ್ಮಿಬ್ಬರಿಗೆ ಏನಾಯಿತು, ಒಂದನ್ನೂ ಮುಚ್ಚಿಡಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ, "ಸರ್‌ಗೇ ಹಿಂಗಾಯ್ತಾ ಮೇಡಂ?" ಎಂದ. ಇಬ್ಬರು ಹುಡುಗಿಯರು ಅತ್ತರು. "ನಾನೂ ರಜೇಲಿ ಒಂದು ಕರದ ಬಾಯಿಗೆ ಕೈ ಹಾಕಿದ್ದೆ ಮೇಡಂ, ಅದು ಸತ್ತೋಯ್ತು" ಎಂದು ಇನ್ನೊಬ್ಬಳು ಎದ್ದು ನಿಂತಳು. ಮಧ್ಯಾಹ್ನವೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೇಳದೇ ಇದ್ದಿದ್ದರೆ ಅವಳ ಗತಿ ಏನಾಗುತ್ತಿತ್ತೋ.

ಇವತ್ತು ಬೆಳಿಗ್ಗೆ ಅಭ್ಯಾಸಕ್ಕೆ ಯಾರೂ ಬರುವುದಿಲ್ಲ ಎಂದುಕೊಂಡೇ ಕೊಟ್ಟಿಗೆಗೆ ಹೋದೆ. ಎಲ್ಲರೂ ಇದ್ದರು. ಎಂದಿನಂತೆ ಹಸುಗಳ ಮೇಲೆ ಮುಗಿಬೀಳದೆ ಬೇಲಿಯ ಆಚೆ ನಿಂತು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ನಯನಾ ಬಂದಳು, ಜೊತೆಯಲ್ಲಿ ಅವಳ ತಾಯಿ. ಗ್ಲೌಸಿನ ಪೊಟ್ಟಣ ತಾಯಿಯ ಕೈಯಲ್ಲಿತ್ತು. ಆಕೆ ಬೇಲಿ ಹಿಡಿದು ನಿಂತರು. ನಯನಾ ನಾಲ್ಕು ಹಸುಗಳನ್ನೂ ದೂರದಿಂದ ಬಹಳ ಹೊತ್ತು ನೋಡಿದಳು. ಆಮೇಲೆ ಗಟ್ಟಿಯಾಗಿ, "ನಾಲ್ಕೂ ಮೆಲುಕು ಹಾಕ್ತಿವೆ. ಜೊಲ್ಲಿಲ್ಲ. ಕಾಲು ಸರಿಯಾಗಿ ಊರ್ತಿವೆ. ನಾಯಿ ಕಚ್ಚಿಲ್ಲ ಅಂತ ಕೇಳಿ ತಿಳ್ಕೊಂಡಿದ್ದೀನಿ. ಅದಕ್ಕೆ ಮುಟ್ತಿದ್ದೀನಿ" ಎಂದು ಹೇಳಿ ಗ್ಲೌಸ್ ಹಾಕಿಕೊಂಡಳು. ಹೋಗಿ ಮೊದಲನೇ ಹಸುವಿನ ಬೆನ್ನ ಮೇಲೆ ಕೈ ಇಟ್ಟಳು.

ಮಕ್ಕಳು ತುಂಬಾ ಹೆದರಿದ್ದಾರೆ ಮೇಷ್ಟ್ರೇ. ದನ ಮುಟ್ಟುವುದನ್ನು ಬಿಟ್ಟಿಲ್ಲ.