ಚಿನ್ನದ ಮೇಲೊಂದು ಉಪ್ಪರಿಗೆ

ಫೆಬ್ರವರಿ ೩೧, ೨೩೯೪
ಹಳೆ ಚಿನ್ನದ ಗಣಿಯ ತಳ, ಕೋಲಾರ ಸೀಮೆ

ಲೋಹದ ಮೇಲೆ ಅಣು ಕೂರಿಸಿ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿರುವ ನನ್ನ ಹಿರಿಯರಿಗೆ, ನಾರೆಪ್ಪನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಕ್ಯಾಲೆಂಡರ್ ತಿದ್ದುವಾಗ, ಫೆಬ್ರವರಿಗೆ ಮೊದಲಿನಿಂದಲೂ ಅನ್ಯಾಯವಾಗಿದೆ ಎಂದು ತಮಾಷೆಗೆ ಒಂದು ಅರ್ಜಿ ಹಾಕಿದ್ದೆ, ಮಂಜೂರಾಗಿಬಿಟ್ಟಿತು. ಈ ಕಾಗದ ಹಿಂದಕ್ಕೆ ಬಂದು ನಿಮ್ಮ ಕೈ ಸೇರುವುದು ಹೇಗೆ ಎಂಬುದು ಅಂಚೆಯವರ ತಲೆನೋವು. ಇದರಲ್ಲಿ ನಿಮಗೆ ತಿಳಿಯದ ಮಾತುಗಳು ಬರುತ್ತವೆ, ಕ್ಷಮಿಸಿ. ಅರ್ಧ ಮಾತು ಕಾಲ ಹುಟ್ಟಿಸಿದ್ದು, ಇನ್ನರ್ಧ ನಾನು ಹುಟ್ಟಿಸಿದ್ದು. ನನಗೆ ಈಗ ಎಂಬತ್ತೆಂಟು.

ನೀವು ಈಗಷ್ಟೇ ಕಂಡು ಬೆರಗಾಗಿರುವ ಆ ಅಣುವನ್ನು ನಾವು ಬುಗುರಿ ಎನ್ನುತ್ತೇವೆ. ನಾಲ್ಕು ಎಸಳಿನ ಹೂವಿನಂಥದ್ದು, ನಡುವೆ ಒಂದೇ ಒಂದು ಕಬ್ಬಿಣದ ಪರಮಾಣು. ಆ ಕಬ್ಬಿಣ ಪುಟ್ಟದೊಂದು ಅಯಸ್ಕಾಂತ. ಮುಖ ಮೇಲಕ್ಕಿದ್ದರೆ ಒಂದು ಗುರುತು, ಕೆಳಕ್ಕಿದ್ದರೆ ಇನ್ನೊಂದು. ಇಂಥ ಬುಗುರಿಗಳನ್ನು ಸಾಲಾಗಿ ಕೂರಿಸಿ ಮನುಷ್ಯರ ದನಿಯನ್ನು ಬರೆದಿಡುತ್ತೇವೆ. ಆದರೆ ಬುಗುರಿಯನ್ನು ಬರಿ ಲೋಹದ ಮೇಲೆ ಕೂರಿಸಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಮದುವೆಮನೆಗೆ ಬಂದ ಎಳೆ ಮಗುವನ್ನು ಅತ್ತೆಯಂದಿರೆಲ್ಲ ಮುತ್ತಿಕೊಳ್ಳುವ ಹಾಗೆ ಲೋಹದ ಎಲೆಕ್ಟ್ರಾನುಗಳು ಬಂದು ಅದನ್ನು ಮುತ್ತಿಕೊಳ್ಳುತ್ತವೆ. ಮುದ್ದು ಮಾಡುವುದಕ್ಕೇ ಬರುವುದು, ಪಾಪ. ಆ ಮುದ್ದಿನಲ್ಲಿ ಮಗು ಯಾವ ಕಡೆ ನೋಡುತ್ತಿತ್ತೆಂಬುದು ಮಗುವಿಗೇ ಮರೆತುಹೋಗುತ್ತದೆ.

ಅದಕ್ಕೇ ನಾವು ಲೋಹಕ್ಕೂ ಬುಗುರಿಗೂ ನಡುವೆ ಉಪ್ಪನ್ನು ಕಾಯಿಸಿ ಆವಿ ಮಾಡಿ, ಎರಡು ಪರಮಾಣು ದಪ್ಪದಷ್ಟು ಹಾಸುತ್ತೇವೆ. ಆ ಪದರಕ್ಕೆ ಉಪ್ಪರಿಗೆ ಎಂದು ಹೆಸರಿಟ್ಟವನು ನಾನೇ. ಬುಗುರಿ ಮೇಲಿರುತ್ತದೆ, ಅತ್ತೆಯಂದಿರು ಕೆಳಗಿರುತ್ತಾರೆ, ಮನೆ ನೆಮ್ಮದಿಯಾಗಿರುತ್ತದೆ. ಲೋಹ ಯಾವುದಾದರೂ ನಡೆಯುತ್ತಿತ್ತು, ಆದರೆ ನಮ್ಮ ಜನ ಚಿನ್ನವೇ ಆಗಬೇಕೆಂದು ಹಟ ಹಿಡಿದರು. ಮೇಲೆ ಲಾರಿ ಹೋದರೂ ಬರೆಯುವ ಸೂಜಿ ನಡುಗುತ್ತದೆಂದು ಈ ಕೆಲಸವೆಲ್ಲ ಗಣಿಯ ತಳದಲ್ಲಿ, ಯಂತ್ರ ಹುಟ್ಟಿಸಿದ ಹೆಪ್ಪುಗಟ್ಟುವ ಚಳಿಯಲ್ಲಿ ನಡೆಯುತ್ತದೆ.

ಪದ್ಧತಿ ಹೀಗಿದೆ. ಬದುಕಿರುವಾಗಲೇ ಪ್ರತಿಯೊಬ್ಬರೂ ತಮಗೆ ಬೇಕಾದವರಿಗೆ ಒಂದು ಮಾತು ಹೇಳಿಟ್ಟು ಮುಚ್ಚಿಸುತ್ತಾರೆ. ಅವರು ತೀರಿಕೊಂಡ ಹನ್ನೊಂದನೆಯ ದಿನ ಅದನ್ನು ಚಿನ್ನದ ತಗಡಿಗೆ ಇಳಿಸುತ್ತಾರೆ, ಮೂಲವನ್ನು ಅಳಿಸಿಬಿಡುತ್ತಾರೆ. ಉಪ್ಪರಿಗೆಯ ಉಪ್ಪು ಸತ್ತವರ ಅಡಿಗೆಮನೆಯದೇ ಆಗಬೇಕು. ಪೊಟ್ಟಣವನ್ನು ಮುಟ್ಟಿ ನೋಡುವಂತಿಲ್ಲ, ಪರೀಕ್ಷೆ ಮಾಡುವಂತಿಲ್ಲ. ಹಾಗೆ ಮಾಡಿದರೆ ಆ ಮನೆಯವರಿಗೆ ಅವಮಾನ. ತಗಡಿನ ಮಾತನ್ನು ಮೊದಲು ಕೇಳುವವರೂ ಮನೆಯವರೇ, ಬರೆದವರು ಕೇಳಿಸಿಕೊಳ್ಳಬಾರದು.

ನನ್ನ ಹೆಂಡತಿ ಮುನಿರತ್ನಮ್ಮ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಆ ಹೆಸರಿನಲ್ಲಿ ರತ್ನ ಊರಿಗೆ, ಮುನಿಸು ನನಗೆ ಎಂದು ಅರವತ್ತು ವರ್ಷ ಗೋಳುಹೊಯ್ದುಕೊಂಡಿದ್ದೆ. ಅವಳು ನನಗೊಂದು ಮಾತು ಹೇಳಿಟ್ಟಿದ್ದಳು. ಏನೆಂದು ಎಷ್ಟು ಕೇಳಿದರೂ ಬಾಯಿ ಬಿಟ್ಟಿರಲಿಲ್ಲ. ಹನ್ನೊಂದನೆಯ ದಿನ ಅಡಿಗೆಮನೆಗೆ ಹೋಗಿ, ‘ಉಪ್ಪು’ ಎಂದು ಅವಳದೇ ಅಕ್ಷರವಿದ್ದ ಡಬ್ಬಿಯ ತಳ ಕೆರೆದು ಪೊಟ್ಟಣ ಕಟ್ಟಿಕೊಂಡು ಇಲ್ಲಿಗೆ ಇಳಿದುಬಂದೆ. ಸೂಜಿ ನಡೆಸುವ ಹುಡುಗಿ ಸೆಲ್ವಿ ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಎರಡು ದಿನ ಬಿಟ್ಟು ಬಂದು, ತಗಡಿನ ಮಾತು ಕೇಳಿಸುವ ನಳಿಗೆಯನ್ನು ಕಿವಿಗೆ ಇಟ್ಟುಕೊಂಡರೆ ಮಾತೂ ಇಲ್ಲ, ಉಸಿರೂ ಇಲ್ಲ. ಸೆಲ್ವಿ ಉಪ್ಪು ಕಾಯಿಸಿದ ಮೂಸೆಯನ್ನು ತೆಗೆದು ನೋಡಿದಳು.

“ತಾತ, ಏನು ಕೊಟ್ರಿ ನೀವು?”

“ಉಪ್ಪಮ್ಮ. ಡಬ್ಬಿ ಮೇಲೆ ಬರೆದೈತಲ್ಲ.”

“ಉಪ್ಪು ಹಿಂಗೆ ಕರ್ರಗೆ ತಳ ಹತ್ತಲ್ಲ.” ಪೊಟ್ಟಣದಲ್ಲಿ ಉಳಿದಿದ್ದ ಪುಡಿಯನ್ನು ನನ್ನ ಅಂಗೈಗೆ ಕೊಡವಿದಳು. “ನೆಕ್ಕಿ ನೋಡಿ.”

ಸಿಹಿಯಾಗಿತ್ತು. ಸಕ್ಕರೆ ಪುಡಿ.

ನಲವತ್ತೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಉಪ್ಪನ್ನೂ ಸಕ್ಕರೆಯನ್ನೂ ಅದಲುಬದಲು ಮಾಡಿಟ್ಟು ಕೂತಿದ್ದೆ. ಅವಳು ಕಾಫಿ ಮಾಡಿದಳು. ಒಂದು ಗುಟುಕು ಕುಡಿದು, ಮುಖದ ಒಂದು ಗೆರೆಯೂ ಅಲುಗದ ಹಾಗೆ, “ಇವತ್ತು ಕಾಫಿ ಚೆನ್ನಾಗೈತೆ, ಅಲ್ವಾ?” ಎಂದು ಲೋಟ ಖಾಲಿ ಮಾಡಿದಳು. ನಾನೂ ಕುಡಿಯಲೇಬೇಕಾಯಿತು. ಸಂಜೆಗೆ ಸರಿಮಾಡಿರುತ್ತಾಳೆ ಎಂದುಕೊಂಡಿದ್ದೆ. ಮಾಡಿರಲಿಲ್ಲ. ಇದನ್ನೆಲ್ಲ ಹೇಳಿದಾಗ ಸೆಲ್ವಿ ನಗಲೋ ಬೇಡವೋ ಎಂದು ನಿಂತಳು.

“ನಲವತ್ತೊಂದು ವರ್ಷ ಯಾಕೆ ಹಂಗೇ ಬಿಟ್ರಂತೆ ಅಜ್ಜಿ?”

“ಒಂದಿನ ನಾನೇ ಬಂದು ಡಬ್ಬಿಗೆ ಕೈ ಹಾಕ್ತೀನಿ, ಸಿಕ್ಕಿಹಾಕ್ಕೊಳ್ತೀನಿ ಅಂತ ಕಾದಿರ್ತಾಳೆ.”

“ನೀವು ಹಾಕಲೇ ಇಲ್ವಾ?”

ಒಂದು ದಿನವೂ ಹಾಕಿರಲಿಲ್ಲ. ಅಂಗೈಯಲ್ಲಿ ಉಳಿದಿದ್ದ ಸಕ್ಕರೆಯನ್ನು ಮತ್ತೆ ಪೊಟ್ಟಣಕ್ಕೆ ಸುರಿದು ಮಡಿಸಿಟ್ಟೆ.

ಸೆಲ್ವಿ ಸೂಜಿಯ ಬಳಿ ಹೋಗಿ, ಬರಿ ಚಿನ್ನದ ಮೇಲೆ ಬಿದ್ದಿದ್ದ ಒಂದು ಬುಗುರಿಯನ್ನು ಕೂದಲೆಳೆಯ ದಪ್ಪದ ಲಕ್ಷದಲ್ಲೊಂದು ಪಾಲಿನಷ್ಟು ಮೆಲ್ಲಗೆ ಮೇಲಕ್ಕೆತ್ತಿದಳು. ಚಿನ್ನದ ಕೈ ಬಿಡುತ್ತಿದ್ದಂತೆ ಅದು ಮತ್ತೆ ಅಯಸ್ಕಾಂತವಾಯಿತು. “ಸತ್ತಿಲ್ಲ ತಾತ,” ಎಂದಳು. “ಬರೆದಿದ್ದು ಮಾತ್ರ ಹೋಗೈತೆ.” ಆಮೇಲೆ ಇಡೀ ತಗಡನ್ನು ಸೂಜಿಯಿಂದ ತಡವಿದಳು. ಮಧ್ಯಾಹ್ನ ಕಳೆಯಿತು. ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ. ಕೊನೆಗೆ, “ಇಲ್ಲೊಂದು ಮೂಲೇಲಿ ಉಪ್ಪೈತೆ!” ಎಂದು ಕೂಗಿದಳು. ಡಬ್ಬಿಯ ತಳದ ಸಂದಿಯಲ್ಲಿ, ನನ್ನ ಕಿತಾಪತಿಗಿಂತ ಮುಂಚಿನ ಉಪ್ಪು ಒಂದಿಷ್ಟು ಅಂಟಿಕೊಂಡೇ ಉಳಿದಿತ್ತು. ಅದು ಚಿನ್ನದ ಮೇಲೆ ದ್ವೀಪದಂತೆ ಹರಡಿತ್ತು. ಅದರ ಮೇಲಿದ್ದ ಬುಗುರಿಗಳು ಹೇಳಿದ ಕಡೆಗೇ ಮುಖ ಮಾಡಿಕೊಂಡು ಕಾದಿದ್ದವು. ಸೆಲ್ವಿ ನಳಿಗೆಯನ್ನು ನನ್ನ ಕೈಗಿತ್ತು ಆಚೆ ಹೋದಳು.

ಒಂದು ಉಸಿರು. ಆಗಷ್ಟೇ ಶುರುವಾದ ನಗು. ಆಮೇಲೆ, “ಗೊತ್ತು ಬಿಡಿ.”

ಅಷ್ಟೇ. ಅದರ ಹಿಂದೆ ಚಿನ್ನ, ಮುಂದೆ ಚಿನ್ನ. ಏನು ಗೊತ್ತಿತ್ತು ಅವಳಿಗೆ? ನಾನು ಯಾವತ್ತೂ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಒಂದೊಂದಾಗಿ ಆ ಎರಡು ಮಾತಿನ ಮುಂದೆ ಇಟ್ಟು ನೋಡುತ್ತಿದ್ದೇನೆ. ಎಲ್ಲಕ್ಕೂ ಅದೇ ಉತ್ತರ ಸರಿಹೊಂದುತ್ತದೆ.

ಹಿರಿಯರೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಲೋಹದ ಮೇಲೆ ಒಂದು ಅಣು ಮೌನವಾದರೆ, ಸತ್ತಿತೆಂದು ಪುಸ್ತಕದಲ್ಲಿ ಅವಸರದಿಂದ ಬರೆದುಬಿಡಬೇಡಿ. ಮೆಲ್ಲಗೆ ಎತ್ತಿ ನೋಡಿ. ಕೆಳಗೆ ಉಪ್ಪು ಹಾಸಿ. ಹಾಸುವ ಮುಂಚೆ ಚಿಟಿಕೆ ನಾಲಗೆಗೆ ಹಾಕಿಕೊಳ್ಳುವುದನ್ನು ನಿಮ್ಮ ಕಾಲದಲ್ಲೇ ಪದ್ಧತಿ ಮಾಡಿಬಿಡಿ, ನಮ್ಮವರೆಗೂ ಬರಲಿ. ಅದರಲ್ಲಿ ಯಾರಿಗೂ ಅವಮಾನವಿಲ್ಲ.

ಡಬ್ಬಿಗಳನ್ನು ನಾನು ಸರಿಮಾಡಿಲ್ಲ, ಅವಳಿಟ್ಟ ಹಾಗೆಯೇ ಇವೆ. ಈಗ ಕಾಫಿ ನಾನೇ ಮಾಡಿಕೊಳ್ಳುತ್ತೇನೆ. ಕೈಗಿನ್ನೂ ಅಭ್ಯಾಸವಾಗಿಲ್ಲ; ಇವತ್ತು ಬೆಳಿಗ್ಗೆಯೂ ತಪ್ಪು ಡಬ್ಬಿಗೇ ಹೋಯಿತು. ಮುಖದ ಒಂದು ಗೆರೆಯೂ ಅಲುಗದ ಹಾಗೆ ಲೋಟ ಖಾಲಿ ಮಾಡಿದೆ. ಚೆನ್ನಾಗಿತ್ತು.

ಇಂತಿ ನಿಮ್ಮ ಮೊಮ್ಮಗನ ಮೊಮ್ಮಗನ ಯಾರೋ,
ನಾರೆಪ್ಪ